ಎರಡು ಗಡಿಯಾರಗಳನ್ನು ಒಂದೇ ಪಟ್ಟಿಗೆ ಸೇರಿಸಿದ ದಿನ

ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ತುಮಕೂರಿನ ಒಂದು ಸಿ.ಸಿ. ಟಿವಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಒಂಬತ್ತನೇ ಕ್ಲಾಸು. ಸೇರಿದ್ದು ಅಂಗಡಿ ಗುಡಿಸಿ ವೈರು ಸುತ್ತಿಡಲು. ಮಾಲೀಕ ನಾಗರಾಜಣ್ಣ ಕಂಬ ಹತ್ತಿ ಕ್ಯಾಮೆರಾ ಕಟ್ಟಲು ಹೋದಾಗ ಕಂಪ್ಯೂಟರ್ ಮುಂದೆ ಕೂರುವವರು ಯಾರೂ ಇರುತ್ತಿರಲಿಲ್ಲ. ಹಾಗೆ ಕೂತವಳು ಮತ್ತೆ ಏಳಲಿಲ್ಲ.

ಕ್ಯಾಮೆರಾ ಕಂಡದ್ದನ್ನು ಕೂಡಿಡುವ ಪೆಟ್ಟಿಗೆಗೆ ಡಿವಿಆರ್ ಎನ್ನುತ್ತಾರೆ. ಎದುರಿಗೆ ಏನಾದರೂ ಅಲುಗಾಡಿದರೆ ಅದು ವಿಡಿಯೊ ಬರೆಯಲು ಶುರುಮಾಡುತ್ತದೆ, ಅಲುಗಾಟ ನಿಂತರೆ ಫೈಲನ್ನು ಮುಚ್ಚುತ್ತದೆ. ದಿನಕ್ಕೆ ನೂರಾರು ಫೈಲುಗಳಾಗುತ್ತವೆ. ಕಳ್ಳತನವೋ ಅಪಘಾತವೋ ಆದಾಗ ಯಾವುದು ಎಷ್ಟು ಹೊತ್ತಿನದು ಎಂದು ಒಂದೊಂದನ್ನೇ ತೆರೆದು ನೋಡುತ್ತಾ ಕೂತರೆ ದಿನವೇ ಸಾಲದು. ಅದಕ್ಕಾಗಿ ನಾಗರಾಜಣ್ಣ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲಿನ ಆಜ್ಞೆ ಕೊಟ್ಟರೆ, ಅದು ಎಲ್ಲ ಫೈಲುಗಳ ಸಮಯವನ್ನೂ ತೆಗೆದು ಒಂದರ ಕೆಳಗೊಂದು ಜೋಡಿಸಿ ಪಟ್ಟಿ ಮಾಡಿಕೊಡುತ್ತಿತ್ತು.

ಫೈಲಿಗೆ ಒಂದಕ್ಕಿಂತ ಹೆಚ್ಚು ಸಮಯಗಳಿರುತ್ತವೆ ಎಂಬುದನ್ನು ನಾನು ಆರು ತಿಂಗಳಲ್ಲಿ ಕಲಿತೆ. ಪೆನ್ ಡ್ರೈವಿನಿಂದ ಕಾಪಿ ಮಾಡಿದ ಕೂಡಲೇ ಫೈಲು ‘ಹುಟ್ಟಿದ’ ಸಮಯ ಬದಲಾಗಿ, ಕಾಪಿ ಮಾಡಿದ ಹೊತ್ತು ಬಂದು ಕೂರುತ್ತದೆ. ‘ಕೊನೆಗೆ ಬರೆದ’ ಸಮಯ ಮಾತ್ರ ಹಾಗೇ ಉಳಿಯುತ್ತದೆ. ಹೊಸಬರೆಲ್ಲ ಮೊದಲನೆಯದನ್ನು ನೋಡಿ ಎಡವುತ್ತಾರೆ. ನಾನು ಎಡವುತ್ತಿರಲಿಲ್ಲ. ಆ ಹೆಮ್ಮೆ ನನಗೆ ತಲೆಗೇರಿತ್ತು.

ನನ್ನ ತಮ್ಮ ಮಂಜ ಗುಬ್ಬಿ ತಾಲ್ಲೂಕಿನಲ್ಲಿ, ನಿಟ್ಟೂರಿನ ಹತ್ತಿರದ ಒಂದು ತೆಂಗಿನ ನಾರಿನ ಫ್ಯಾಕ್ಟರಿಗೆ ಲಗೇಜ್ ಆಟೊ ಓಡಿಸುತ್ತಿದ್ದ. ಅವನಿಗೂ ಅಲ್ಲಿನ ಸೂಪರ್‌ವೈಸರ್ ರುದ್ರೇಶನಿಗೂ ಆಗಿಬರುತ್ತಿರಲಿಲ್ಲ. ಲೋಡು ಸರಿಯಾಗಿ ಕಟ್ಟಿಲ್ಲವೆಂದು ಒಂದು ದಿನ ರುದ್ರೇಶ ಎಲ್ಲರೆದುರು ಇವನ ಕೆನ್ನೆಗೆ ಹೊಡೆದ. “ಇನ್ನೊಂದ್ಸಲ ಕೈಯೆತ್ತು, ಕೊಚ್ಚಾಕ್ಬುಡ್ತೀನಿ” ಎಂದು ಮಂಜ ಕೂಗಿದ್ದನ್ನು ಅಲ್ಲಿದ್ದವರೆಲ್ಲ ಕೇಳಿದ್ದರು.

ಅದಾದ ಒಂದು ವಾರಕ್ಕೆ, ಸಂಜೆ ಕೆಲಸದವರೆಲ್ಲ ಹೋದ ಮೇಲೆ, ಶೆಡ್ಡಿನೊಳಗೆ ಯಾರೋ ರುದ್ರೇಶನನ್ನು ಮಚ್ಚಿನಿಂದ ಕೊಚ್ಚಿದರು. ಏಳು ಗಂಟೆಗೆ ಬಂದ ಫ್ಯಾಕ್ಟರಿ ಯಜಮಾನರು ನಾರಿನ ರಾಶಿಯ ಮೇಲೆ ಅವನನ್ನು ನೋಡಿದರು. ಜೀವವಿತ್ತು, ಪ್ರಜ್ಞೆ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಯಜಮಾನರು ಫ್ಯಾಕ್ಟರಿಯ ಡಿವಿಆರನ್ನೂ ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. ವಿಡಿಯೊಗಳನ್ನು ಪೆನ್ ಡ್ರೈವಿಗೆ ಹಾಕಿಸಿ ತಂದುಕೊಡಿ ಎಂದು ಠಾಣೆಯಲ್ಲಿ ಹೇಳಿದ್ದರಂತೆ. ಅವರ ಜೊತೆ ರುದ್ರೇಶನ ಬಾಮೈದ ಇದ್ದ. ಅವನ ಅಂಗಿಯ ತೋಳಿನ ಮೇಲೆ ಒಣಗಿದ ರಕ್ತ ಇನ್ನೂ ಹಾಗೇ ಇತ್ತು. ನಾಗರಾಜಣ್ಣ ಕೆಲಸದ ಮೇಲೆ ಕ್ಯಾತ್ಸಂದ್ರಕ್ಕೆ ಹೋಗಿದ್ದರು.

ಅಲ್ಲಿದ್ದದ್ದು ಎರಡು ಕ್ಯಾಮೆರಾ. ಗೇಟಿನದು ನಾವೇ ಹಾಕಿದ ಹಳೆಯದು, ಡಿವಿಆರ್‌ಗೆ ಸೇರಿದ್ದು. ಶೆಡ್ಡಿನದು ಯಜಮಾನರು ಆಮೇಲೆ ತಂದು ಹಾಕಿಕೊಂಡ ವೈಫೈ ಕ್ಯಾಮೆರಾ. ಅದು ಸಮಯವನ್ನು ತಾನೇ ಇಂಟರ್ನೆಟ್ಟಿನಿಂದ ತೆಗೆದುಕೊಂಡು ಮೆಮೊರಿ ಕಾರ್ಡಿನಲ್ಲಿ ಬರೆಯುತ್ತದೆ. ನಾನು ಎರಡರ ಫೈಲುಗಳನ್ನೂ ಒಂದೇ ಫೋಲ್ಡರಿಗೆ ಸುರಿದು ಸ್ಕ್ರಿಪ್ಟ್ ಓಡಿಸಿದೆ.

ಶೆಡ್ಡಿನ ವಿಡಿಯೊ ಮುಚ್ಚಿದ್ದು 6:20ಕ್ಕೆ. ಅದನ್ನು ನಾಲ್ಕು ಸಲ ನೋಡಬೇಕಾಯಿತು. ಮುಖಕ್ಕೆ ಟವೆಲು ಸುತ್ತಿದ್ದ ಒಬ್ಬ ಹಿಂದಿನಿಂದ ಬಂದ. ಮೊದಲ ಏಟು ಹೆಗಲಿಗೆ ಬಿತ್ತು. ರುದ್ರೇಶ ತಿರುಗಿ ಕೈ ಅಡ್ಡ ಕೊಟ್ಟ, ಎರಡು ಬೆರಳು ಹಾರಿದವು. ಅವನು ಬಿದ್ದ ಮೇಲೂ ಮಚ್ಚು ಮೂರು ಸಲ ಎದ್ದಿತು. ಆ ಕ್ಯಾಮೆರಾದಲ್ಲಿ ಧ್ವನಿಯೂ ಇತ್ತು. ತೆಂಗಿನ ಸಿಪ್ಪೆ ಸೀಳುವಾಗ ಬರುವಂಥದೇ ಸದ್ದು.

ಪಟ್ಟಿಯಲ್ಲಿ ಅದರ ಕೆಳಗಿನ ಸಾಲು ಗೇಟಿನದು, 6:27. ತೆರೆದೆ. ಮಂಜನ ಲಗೇಜ್ ಆಟೊ ಗೇಟು ದಾಟಿ ಹೋಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಬೇರೆ ಯಾರೂ ಗೇಟು ದಾಟಿರಲಿಲ್ಲ.

“ಈ ಗಾಡಿ ಯಾರ್ದು?” ಎಂದ ಬಾಮೈದ. ಅವನಿಗೆ ಗೊತ್ತಿತ್ತು, ನನ್ನ ಬಾಯಿಂದ ಕೇಳಬೇಕಿತ್ತು.

“ನನ್ ತಮ್ಮಂದು” ಎಂದೆ.

ಅವರೆದುರಿಗೇ ಮಂಜನಿಗೆ ಫೋನ್ ಮಾಡಿದೆ. ಲೋಡು ತಗೊಂಡು ಕುಣಿಗಲ್‌ಗೆ ಹೋದವನು ರಾತ್ರಿ ಕೆರೆ ಏರಿಯ ಹತ್ತಿರ ಗಾಡಿಯಲ್ಲೇ ಮಲಗಿದ್ದ, ಇನ್ನೂ ಅಲ್ಲೇ ಇದ್ದೇನೆ ಎಂದ.

“ನಿನ್ನೆ ಫ್ಯಾಕ್ಟರಿ ಬಿಟ್ಟಿದ್ದು ಎಷ್ಟೊತ್ಗೆ?”

“ಆರೂ ಹತ್ತೋ ಹನ್ನೆರಡೋ. ಯಾಕಕ್ಕ?”

“ಸುಳ್ಳೇಳ್ಬೇಡ ಮಂಜ. ಆರೂ ಇಪ್ಪತ್ತೇಳಕ್ಕೆ ಗೇಟಲ್ಲಿದೀಯ.”

“ಆರೂಕಾಲಿಗೆಲ್ಲ ನಿಟ್ಟೂರಲ್ಲಿ ಟೀ ಕುಡೀತಿದ್ದೆ ಕಣಕ್ಕ. ಫೋನಲ್ಲೇ ದುಡ್ಡಾಕಿದೀನಿ, ಮೆಸೇಜ್ ಐತೆ, ಕಳಿಸ್ಲಾ?”

“ಮೆಸೇಜ್ ಬ್ಯಾಡ. ಕಂಪ್ಯೂಟರ್ ಸುಳ್ಳೇಳಲ್ಲ.”

 “ಅಲ್ಲಕ್ಕ, ನೀನು ನಂಗೆ ಅಕ್ಕನೋ, ಆ ಕಂಪ್ಯೂಟರ್‌ಗೆ ಅಕ್ಕನೋ?” ಎಂದ. ನಾನು ಫೋನ್ ಇಟ್ಟೆ.

ಯಜಮಾನರು ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದರು. ಬಾಮೈದ ನನ್ನ ಮೇಜಿನ ಮೇಲೆ ಎರಡೂ ಕೈ ಊರಿ ಮೆಲ್ಲಗೆ ಕೇಳಿದ: “ಎಲ್ಲವ್ನೆ?”

“ಕುಣಿಗಲ್ ಕೆರೆ ಏರಿ ಹತ್ರ ಗಾಡಿ ನಿಲ್ಸವ್ನೆ” ಎಂದೆ. ಅವನು ಫೋನು ಕಿವಿಗೆ ಹಿಡಿದು ಹೊರಟುಹೋದ.

ಯಾಕೆ ಹೇಳಿದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆಯಿಂದ ಎನ್ನಬಹುದು. ನಿಜ ಅದಲ್ಲ. ಆ ವಿಡಿಯೊದಲ್ಲಿ ಮಚ್ಚು ಎತ್ತಿದವನು ಮಂಜನೇ ಎಂದು ನಾನು ನಂಬಿಬಿಟ್ಟಿದ್ದೆ. ಅವನಿಗೆ ನಾಲ್ಕು ಏಟು ಬೀಳಲಿ ಅನ್ನಿಸಿತ್ತು.

ಹನ್ನೊಂದೂವರೆಗೆ ನಾಗರಾಜಣ್ಣ ಬಂದರು. ಹೆಲ್ಮೆಟ್ಟು ತೆಗೆಯುವ ಮೊದಲೇ ಪಟ್ಟಿ ತೋರಿಸಿದೆ. ಅವರು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

“ಎರಡನ್ನೂ ಸೇರಿಸ್ಬಿಟ್ಟಿದೀಯಲ್ಲಮ್ಮ. ಆ ಫ್ಯಾಕ್ಟರೀಲಿ ಗಡಿಯಾರ ಕಾಲು ಗಂಟೆ ಮುಂದಿಡ್ತಾರೆ. ಡಿವಿಆರ್ ಟೈಮ್ ಸೆಟ್ ಮಾಡಿದ್ದು ನೀನೇ ಅಲ್ವಾ?”

ನಾನೇ. ಕೆಲಸದವರು ತಡವಾಗಿ ಬರುತ್ತಾರೆಂದು ಆ ಯಜಮಾನರು ಗೋಡೆಯ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ಇಟ್ಟಿದ್ದರು. ಬರುವಾಗ ಗೋಡೆಯ ಗಡಿಯಾರ, ಹೋಗುವಾಗ ಯಜಮಾನರ ಮೊಬೈಲು ಎಂದು ಹೆಂಗಸರು ನಗುತ್ತಿದ್ದರು. ತಡವಾಗಿ ಬಂದವರನ್ನು ಹಿಡಿಯಲು ಗೇಟಿನ ಕ್ಯಾಮೆರಾಕ್ಕೂ ಅದೇ ಸಮಯ ಇಡಬೇಕೆಂದು ಅವರು ಹಟ ಮಾಡಿದರು. ಕುರ್ಚಿ ಹತ್ತಿ ಗೋಡೆಯ ಗಡಿಯಾರ ನೋಡಿ ನಿಮಿಷ ಕೂಡಿಸಿದವಳು ನಾನು. ಆ ಬೆಳಿಗ್ಗೆ ಅದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಹಾಗಾದರೆ 6:27 ಅಂದರೆ 6:12. ಮಂಜ ಗೇಟು ದಾಟಿ ಎಂಟು ನಿಮಿಷವಾದ ಮೇಲೆ ಶೆಡ್ಡಿನಲ್ಲಿ ಮಚ್ಚು ಬಿದ್ದಿತ್ತು.

ಮಂಜನಿಗೆ ಫೋನ್ ಮಾಡಿದೆ. ಎತ್ತಿದ. “ಅಕ್ಕ, ಯಾರೋ ನಾಲ್ಕು ಜನ ಬಂದವ್ರೆ” ಎಂದ. ಫೋನು ಕೆಳಗೆ ಬಿತ್ತು, ಆದರೆ ಕಟ್ ಆಗಲಿಲ್ಲ. ಕಬ್ಬಿಣದ ರಾಡು ಮೊದಲು ಗಾಡಿಯ ತಗಡಿಗೆ ಬಿದ್ದ ಸದ್ದು, ಆಮೇಲೆ ತಗಡಲ್ಲದ್ದಕ್ಕೆ ಬಿದ್ದ ಸದ್ದು. “ನಾನಲ್ಲ ಕಣಣ್ಣ, ನಾನಲ್ಲ” ಎನ್ನುತ್ತಿದ್ದ. “ಅವನಲ್ಲ” ಎಂದು ನಾನು ಇಲ್ಲಿಂದ ಕೂಗುತ್ತಲೇ ಇದ್ದೆ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಒಂದು ಹಂತದಲ್ಲಿ ಅವನು ಮಾತು ನಿಲ್ಲಿಸಿದ, ಏಟು ನಿಲ್ಲಲಿಲ್ಲ. ನಾಗರಾಜಣ್ಣ ಅವರ ಫೋನಿನಿಂದ ಪೊಲೀಸರಿಗೆ ಹೇಳುತ್ತಿದ್ದರು. ನನ್ನ ಫೋನಿನಲ್ಲಿ ನಾನು ಏಳು ನಿಮಿಷ ಕೇಳಿಸಿಕೊಂಡೆ. ಆ ಅಂಕಿಯೂ ಫೋನಿನಲ್ಲಿ ದಾಖಲಾಗಿತ್ತು.

ಅವನ ಮೂರು ಪಕ್ಕೆಲುಬು, ಬಲ ಮಣಿಕಟ್ಟು ಮುರಿದಿದ್ದವು. ಎಡಗಿವಿ ಕೇಳದಂತಾಯಿತು. ನಾಲ್ಕನೆಯ ದಿನ ರುದ್ರೇಶ ಕಣ್ಣು ಬಿಟ್ಟು ಹೊಡೆದವನ ಹೆಸರು ಹೇಳಿದ. ಹಿಂದಿನ ತಿಂಗಳು ಕೆಲಸದಿಂದ ತೆಗೆದುಹಾಕಿದ್ದ ಒಬ್ಬ, ಹಿಂಬದಿಯ ತಂತಿ ಬೇಲಿ ಹಾರಿ ಬಂದು ಹಾಗೇ ಹಾರಿ ಹೋಗಿದ್ದ.

ನಾನು ಎರಡು ಪಟ್ಟಿಯನ್ನು ಬೇರೆ ಬೇರೆ ಮಾಡಿ, ಗಡಿಯಾರದ ವ್ಯತ್ಯಾಸ ಬರೆದು ಠಾಣೆಗೆ ಕೊಟ್ಟೆ. ತಪ್ಪು ನನ್ನದೆಂದು ಸಹಿ ಹಾಕಿದೆ. ಆದರೆ ಮಂಜ ಇರುವ ಜಾಗ ಬಾಮೈದನ ಕಡೆಯವರಿಗೆ ಹೇಗೆ ತಿಳಿಯಿತು ಎಂದು ಪೊಲೀಸರು ಕೇಳಿದಾಗ ಗೊತ್ತಿಲ್ಲ ಎಂದೆ. ನಾಗರಾಜಣ್ಣನಿಗೂ ಹೇಳಲಿಲ್ಲ.

ಅಂದಿನಿಂದ ಮಂಜ ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಅವನ ಬಲಗಡೆ ಕೂತು ಮಾತಾಡಿದರೆ ಮಾತ್ರ ಕೇಳಿಸುತ್ತದೆ. ಹೋದ ತಿಂಗಳು ಮುದ್ದೆ ಬಡಿಸುವಾಗ, ಇನ್ನು ಆಗದು ಅನ್ನಿಸಿ, ಹೇಳಿಬಿಟ್ಟೆ.

“ಕುಣಿಗಲ್‌ನಲ್ಲಿ ನೀನು ಎಲ್ಲಿದೀಯ ಅಂತ ಅವ್ರಿಗೆ ಹೇಳಿದ್ದು ನಾನೇ ಕಣೋ.”

“ಗೊತ್ತು ಬುಡಕ್ಕ” ಎಂದ, ಮುದ್ದೆ ಮುರಿಯುತ್ತಾ. “ಹೊಡೆಯೋಕ್ ಮುಂಚೆ ಒಬ್ಬ ಕಿವಿ ಹತ್ರ ಬಗ್ಗಿ ಮೆಲ್ಲಗೆ ಹೇಳ್ದ. ನಿಮ್ಮಕ್ಕನೇ ಹೇಳವ್ಳೆ, ಇನ್ ನಮ್ದೇನೈತೆ ಅಂತ.”

“ಮತ್ತೆ ಸ್ಟೇಷನ್‌ನಲ್ಲಿ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನಿನ್ನೂ ಕೇಸ್‌ಗೆ ಸೇರಿಸ್ಕೊಳ್ಳೋರು. ಸಾರು ಬುಡು.”

ಸಾರು ಬಡಿಸಿದೆ. ಹೋಗಿ ಅವನ ಬಲಗಡೆ ಕೂತೆ.

ಫೈಲಿನ ಮೇಲಿರುವ ಸಮಯ ಘಟನೆಯದಲ್ಲ, ಅದನ್ನು ಬರೆದ ಗಡಿಯಾರದ್ದು. ಇದನ್ನು ನಾನೀಗ ಅಂಗಡಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಎರಡು ಪೆಟ್ಟಿಗೆಯ ಫೈಲು ಬಂದರೆ ಎರಡು ಪಟ್ಟಿ, ಪ್ರತಿ ಪಟ್ಟಿಯ ತಲೆಯ ಮೇಲೆ ಆ ಗಡಿಯಾರ ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಬರೆದಿರಬೇಕು. ಅದು ಕೆಲಸ ಕಲಿಸಿದ ಪಾಠ, ಯಾರಿಗೆ ಬೇಕಾದರೂ ಕಲಿಸಬಹುದು. ಮೆಸೇಜ್ ಕಳಿಸ್ಲಾ ಎಂದು ಒಬ್ಬ ಕೇಳಿದಾಗ ಕಳಿಸು ಎನ್ನಬೇಕು ಎಂಬುದಕ್ಕೆ ಯಾವ ಸ್ಕ್ರಿಪ್ಟೂ ಬೇಕಿರಲಿಲ್ಲ, ಒಂಬತ್ತನೇ ಕ್ಲಾಸೂ ಬೇಕಿರಲಿಲ್ಲ.