ಸಲೀಮ ಹೇಳದ ಮಾತು

ಕದ್ದವನು ನಾನು. ಸೆರೆಮನೆಗೆ ಹೋದವನು ಸಲೀಮ. ಅವನನ್ನು ಅಲ್ಲಿಗೆ ಕಳಿಸಿದ್ದು ನನ್ನ ಒಂದೇ ಒಂದು ವಾಕ್ಯ — ಅವನು ಆಡದ, ಆಡಿದನೆಂದು ನಾನು ಹೇಳಿದ ವಾಕ್ಯ. ಇದನ್ನು ನನ್ನ ಹೆಂಡತಿಗೂ ಈವರೆಗೆ ಹೇಳಿಲ್ಲ.

ಯುದ್ಧದ ಕಾಲವದು. ಹಾನಗಲ್ಲಿನ ಶಾಸ್ತ್ರಿಗಳ ಮನೆಯಲ್ಲಿ ಹುಟ್ಟಿದ ನಾನು ಇರಾಕಿನ ಬಸ್ರಾ ಬಂದರಿನಲ್ಲಿದ್ದ ಬ್ರಿಟಿಷರ ಔಷಧಿ ಉಗ್ರಾಣವೊಂದಕ್ಕೆ ಗುಮಾಸ್ತನಾಗಿ ಹೊರಟೆ. ಕಡಲು ದಾಟುತ್ತೇನೆಂದು ಅಪ್ಪ ಮಾತು ಬಿಟ್ಟರು. ಅವ್ವ ಯಲವಿಗಿ ಸ್ಟೇಷನ್ನಿನವರೆಗೆ ಬಂದಳು. "ಅಲ್ಲೆ ನಿನ್ನ ಊಟಾ ಯಾರು ನೋಡ್ತಾರಪಾ?" ಎಂದು ಅದೊಂದನ್ನೇ ಕೇಳಿದಳು.

ನೋಡಿದವಳು ಸಲೀಮನ ತಾಯಿ. ಉಗ್ರಾಣದ ಸಾಹೇಬನಿಗೆ ದುಭಾಷಿ ಬೇಕಾಗಿತ್ತು. ಪುಸ್ತಕದ ಅರಬಿ ಬೇಡ, ಹಮಾಲರು ಆಡುವ ಅರಬಿ ಕಲಿ, ಅವರ ಮನೆಯಲ್ಲೇ ಆರು ತಿಂಗಳು ಇದ್ದು ಕಲಿ ಎಂದ. ಬಂದರಿನ ಹಮಾಲ ಸಲೀಮ ನನ್ನ ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ತನ್ನ ಮನೆಗೆ ಕರೆದೊಯ್ದ. ನಾನು ಮೀನು ತಿನ್ನುವುದಿಲ್ಲವೆಂದು ತಿಳಿದ ದಿನವೇ ಅವನ ತಾಯಿ ಹೊಸ ಪಾತ್ರೆ ತಂದು ನನ್ನ ಅನ್ನಕ್ಕೆಂದು ಬೇರೆ ಇಟ್ಟಳು. ಆ ಪಾತ್ರೆಯನ್ನು ಬೇರೆ ಯಾರೂ ಮುಟ್ಟಲು ಬಿಡಲಿಲ್ಲ.

ಸಲೀಮ ಬಾಗಿಲು, ನೀರು, ದೋಣಿ ಎಂದು ಒಂದೊಂದನ್ನೂ ತೋರಿಸಿ ಹೇಳಿಕೊಡುತ್ತಿದ್ದ. ಗಂಟಲಿನಾಳದಿಂದ ಬರಬೇಕಾದ ಅಕ್ಷರ ನನ್ನ ಬಾಯಲ್ಲಿ ಕೆಮ್ಮಾಗಿ ಬಂದಾಗ ಅವನ ತಂಗಿ ಜಹ್ರಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ನಿನ್ನ ಬಣ್ಣ ಹೇಗಿದೆ?" — ಯೋಗಕ್ಷೇಮವನ್ನು ಅವರು ಕೇಳುವುದು ಹಾಗೆ. ಹಾಗೆ ಕೇಳುತ್ತಿದ್ದ ಹುಡುಗಿಯ ಬಣ್ಣವೇ ಒಂದು ದಿನ ಹಳದಿಯಾಯಿತು. ಚಳಿಜ್ವರ. ಪೇಟೆಯಲ್ಲಿ ಕ್ವಿನೈನ್ ಇರಲಿಲ್ಲ. ನನ್ನ ಉಗ್ರಾಣದಲ್ಲಿ ಪೆಟ್ಟಿಗೆಗಟ್ಟಲೆ ಇತ್ತು.

ಒಂದು ಸೀಸೆ ಕದ್ದು ತಂದೆ. ಜ್ವರ ಇಳಿಯಿತು, ಮತ್ತೆ ಏರಿತು. ಎರಡನೆಯ ಸೀಸೆಯನ್ನು ಉಗ್ರಾಣದ ಹಿಂದೆ ಸಲೀಮನ ಕೈಗೆ ಕೊಟ್ಟೆ. ಬಂದರಿನ ದೊಡ್ಡ ಬಾಗಿಲಲ್ಲಿ ಕಾವಲುಗಾರ ಅವನ ಅಂಗಿಯೊಳಗಿಂದ ಅದನ್ನು ಹೊರಗೆಳೆದ.

ವಿಚಾರಣೆಗೆ ದುಭಾಷಿ ಬೇಕಲ್ಲ — ನನ್ನನ್ನೇ ಕರೆಸಿದರು.

ಮೇಜಿನ ಆಚೆ ಸಾಹೇಬ, ಈಚೆ ಸಲೀಮ, ನಡುವೆ ನಾನು. ಇಬ್ಬರ ಮಾತೂ ತಿಳಿದವನು ಆ ಕೋಣೆಯಲ್ಲಿ ನಾನೊಬ್ಬನೇ. ಇದು ನಿನಗೆ ಹೇಗೆ ಸಿಕ್ಕಿತು ಎಂದು ಸಾಹೇಬ ಕೇಳಿದ. ಅದನ್ನು ಅರಬಿಯಲ್ಲಿ ಕೇಳಿದೆ. ಸಲೀಮ ಎಲ್ಲಿ ನನ್ನತ್ತ ಬೆರಳು ಮಾಡುವನೋ ಎಂದು — ಅವನು ಬೆರಳು ಮಾಡಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ. ನನ್ನ ಮುಖ ನೋಡಿ, "ಇಂತ ಗುಲ್ಲಾ" ಎಂದ.

ನೀನೇ ಹೇಳು ಅವನಿಗೆ. ಅಷ್ಟೇ ಅವನು ಅಂದದ್ದು. ಹೇಗೆ ಹೇಳಿದರೆ ಇಬ್ಬರೂ ಉಳಿಯುತ್ತೇವೆಂದು ನನಗೆ ಗೊತ್ತಿರುತ್ತದೆ ಎಂದು ನಂಬಿದ್ದನೋ, ಅಥವಾ ನಾನಾಗಿಯೇ ಒಪ್ಪಿಕೊಳ್ಳಲಿ ಎಂದೋ —

ನಾನು ಸಾಹೇಬನ ಕಡೆ ತಿರುಗಿ ಹೇಳಿದೆ: "ತಾನೇ ಕದ್ದೆ ಅನ್ನುತ್ತಾನೆ."

ಸಾಹೇಬನಿಗೆ ಅನುಮಾನ ಬಂತು. ಇನ್ನೊಮ್ಮೆ ಕೇಳು ಎಂದ. ದೇವರು ನನಗೆ ಎರಡನೆಯ ಅವಕಾಶವನ್ನೂ ಕೊಟ್ಟಿದ್ದ. ನಾನು ಸಲೀಮನನ್ನು ಏನೂ ಕೇಳಲಿಲ್ಲ. "ಹೇಳಿದ್ದೇನೆ, ಹೆದರಬೇಡ" ಎಂದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಸಾಹೇಬನ ಕಣ್ಣಿಗೆ ಅದು ತಪ್ಪೊಪ್ಪಿಗೆಯಾಗಿ ಕಂಡಿತು. ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ವರ್ಷ ಶಿಕ್ಷೆಯಾಯಿತು.

ಮನೆಯಲ್ಲಿ ಅವನ ತಾಯಿ ಕೇಳಿದಳು, "ನನ್ನ ಮಗ ಏನೆಂದ?" ಏನೂ ಅನ್ನಲಿಲ್ಲ ಎಂದೆ. ಒಳಗೆ ಜಹ್ರಾಳ ಹಲ್ಲುಗಳು ಕಟಕಟ ಸದ್ದು ಮಾಡುತ್ತಿದ್ದವು. ಆ ತಾಯಿ ಕಣ್ಣೊರೆಸಿಕೊಂಡು ನನ್ನ ಪಾತ್ರೆ ತಂದು ಅನ್ನ ಬಡಿಸಿದಳು. ನಾನು ಉಂಡೆ. ಉಂಡೆ ಎಂಬುದನ್ನೂ ಇಲ್ಲಿ ಬರೆಯಲೇಬೇಕು. ಮೂರನೆಯ ಸೀಸೆ ತರುವ ಧೈರ್ಯ ನನಗಾಗಲಿಲ್ಲ. ವಾರದೊಳಗೆ ಬೇರೆ ಊರಿಗೆ ವರ್ಗ ಕೇಳಿಕೊಂಡು ಹೋದೆ. ಆ ಹುಡುಗಿ ಉಳಿದಳೋ ಇಲ್ಲವೋ... ತಿಳಿಯಲು ಹೆದರಿ ಯಾರನ್ನೂ ಕೇಳಲಿಲ್ಲ.

ಯುದ್ಧ ಮುಗಿದ ಮೇಲೆ ಊರಿಗೆ ಬಂದು ಸವಣೂರಿನಲ್ಲಿ ಮಾಸ್ತರನಾದೆ. ಅರಬಿ ಬಲ್ಲ ಶಾಸ್ತ್ರಿ ಎಂದು ಮರ್ಯಾದೆ ಸಿಕ್ಕಿತು. ಹಜ್‌ಗೆ ಹೊರಟವರು ನಾಲ್ಕು ಮಾತು ಕಲಿಯಲು ಬರುತ್ತಿದ್ದರು. ಕಳೆದ ತಿಂಗಳು ಬಂದವರು ವೀಳ್ಯದೆಲೆ ತೋಟದ ಇಮಾಮಸಾಬರು, ವಯಸ್ಸಾದವರು.

"ಮಾಸ್ತರ, ಅಲ್ಲಿ ನನಗ ಮಾತು ಬರಲಿಲ್ಲಂದ್ರ ಬ್ಯಾರೇದವರ ಕಡೆ ಹೇಳಸ್ಬೇಕಾಗ್ತೈತಿ. 'ನೀನ ಹೇಳಪಾ' ಅನ್ನಾಕ ಏನಂತಾರ್ರಿ?"

"ಇಂತ..." ಎಂದು ಶುರುಮಾಡಿ, ಅಲ್ಲಿಗೇ ಬಿಟ್ಟು ತಲೆ ಹಿಡಿದುಕೊಂಡೆ. ಅವರು ಗಾಬರಿಯಾಗಿ ನೀರು ತರಿಸಿದರು. ಆಮೇಲೆ, ಯಾಕೋ, ಎಲ್ಲವನ್ನೂ ಅವರಿಗೆ ಹೇಳಿಬಿಟ್ಟೆ. ಅವರು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ.

"ಆ ತಾಯಿ ಇನ್ನೂ ಅದಾಳೇನ್ರಿ?"

"ಗೊತ್ತಿಲ್ಲರಿ."

"ಬಸ್ರಾದ ಮಂದೀನೂ ಹಜ್‌ಗೆ ಬರ್ತಾರ. ಕಾಗದಾ ಬರದ ಕೊಡ್ರಿ. ಯಾರರ ಕೈಯಾಗ ಮುಟ್ಟಸ್ತೇನಿ."

ನಾನು ಕಲಿತದ್ದು ಆಡುವ ಅರಬಿ; ಬರೆಯಲು ಬಾರದು. ಬಸ್ರಾ ಬಂದರಿನ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ನಾನೇ ಬರೆದು, ಕದ್ದವನು ಯಾರೆಂದು ತಿಳಿಸಿ ಅಂಚೆಗೆ ಹಾಕಿದೆ. ಆ ತಾಯಿಗೆ ಅರಬಿಯಲ್ಲಿ ಕಾಗದ ಬರೆಸಲು ನಿನ್ನೆ ಇಮಾಮಸಾಬರ ಜೊತೆ ಓಣಿಯ ಮೌಲ್ವಿಗಳ ಎದುರು ಹೋಗಿ ಕುಳಿತೆ. ಬರೆಯುವ ಮುನ್ನ ಎಲ್ಲವನ್ನೂ ಕೇಳಿಸಿಕೊಂಡ ಮೌಲ್ವಿಗಳು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಆ ತಾಯಿಗೆ ಓದಾಕ ಬರೂದಿಲ್ಲ ಅಂತೀರಿ. ಯಾರರ ಓದಿ ಹೇಳ್ತಾರ, ಓಣಿ ಮಂದಿ ಕೇಳ್ತಾರ. ನಿಮ್ಮ ಹೆಸರು ಬಿಟ್ಟು ಬರೀಲೇನ್ರಿ?"

"ಬ್ಯಾಡ್ರಿ," ಎಂದೆ. "ಹೆಸರು ಮೊದಲ ಬರೀರಿ."