ಉಳಿದುಹೋದ ವ್ರತ

ಎಲ್ಲರ್‌ಕೋಂಬಿನ ಮಠವನ್ನು ರಾಜನ ಮಂದಿ ಮುಚ್ಚಿಸಿದಾಗ ಹ್ಯಾಮಂಡನಿಗೆ ನಲವತ್ತು ದಾಟಿತ್ತು. ಬುದ್ಧಿ ಬಲಿತ ಮೇಲೆಯೇ ಸನ್ಯಾಸದ ವ್ರತ ತೊಟ್ಟು, ಸಂತ ಬೆನೆಡಿಕ್ಟನ ಪಂಥದ ಕರಿಯ ನಿಲುವಂಗಿಯಲ್ಲಿ ಅರ್ಧ ಆಯಸ್ಸು ಕಳೆದವನು. ನಾಲ್ಕುನೂರು ವರ್ಷದ ಮಠ ಈಸ್ಟರ್ ಬರುವಷ್ಟರಲ್ಲಿ ಬರಿಗೋಡೆಯಾಯಿತು. ಸನ್ಯಾಸಿಗಳು ಕೂತು ಹಾಡುತ್ತಿದ್ದ ಮರದ ಪೀಠಗಳನ್ನೇ ಉರಿಹಾಕಿ ಮಾಡಿನ ಸೀಸ ಕರಗಿಸಿದರು. ಕಲ್ಲುಗಳನ್ನು ಜಮೀನ್ದಾರ ದನದ ಕೊಟ್ಟಿಗೆಗೆ ಸಾಗಿಸಿದ.

ದಿಕ್ಕು ತೋಚದೆ ನಿಂತಿದ್ದ ಅವನನ್ನು ಕರೆದವಳು ನನ್ನ ನೆರೆಮನೆಯ ಥಾಮಸಿನ್. ಗಂಡ ಸತ್ತವಳು, ಬಾರ್ಲಿ ಕಾಯಿಸಿ ಹುಳಿಬರಿಸಿದ ಏಲ್ ಎಂಬ ಮದ್ಯ ಮಾರುತ್ತಿದ್ದಳು.

"ಅಯ್ನೋರೇ, ಕೊಡ ಹೊರೋಕೆ ಬರುತ್ತಾ, ಬರೀ ತೀರ್ಥ ಚಿಮುಕಿಸೋದೊಂದೇನಾ?"

"ಹೊರ್ತೀನಮ್ಮ. ಚೆಲ್ಲಿದ್ರೆ ಬೈಬೇಡ."

ಚೆಲ್ಲಿದ, ಬೈದಳು. ಮೇ ತಿಂಗಳಲ್ಲಿ ಪಕ್ಕದೂರಿನ ಮುದಿ ಪಾದ್ರಿಯೊಬ್ಬರು ಸದ್ದಿಲ್ಲದೆ ಅವರಿಬ್ಬರ ಮದುವೆ ಮಾಡಿಸಿದರು. ಗೋಡೆಯಾಚೆಯಿಂದ ಅವನ ನಗು ನನಗೆ ಕೇಳಿಸುತ್ತಿತ್ತು. ನಗುವುದನ್ನು ಆಗಷ್ಟೇ ಕಲಿತವನ ಹಾಗೆ ತಡವರಿಸಿ ನಗುತ್ತಿದ್ದ.

ಜುಲೈನಲ್ಲಿ ನಮ್ಮ ಇಗರ್ಜಿಯ ಪಾದ್ರಿ ರಾಜನ ಹೊಸ ಕಾನೂನು ಓದಿದರು. ಮಠ ಹೋದರೂ ಸನ್ಯಾಸಿಗಳು ತೊಟ್ಟ ಬ್ರಹ್ಮಚರ್ಯ ಹೋಗಿಲ್ಲ. ಮದುವೆಯಾಗಿದ್ದರೆ ಅದು ಮದುವೆಯೇ ಅಲ್ಲ. ಹೆಂಡತಿಯನ್ನು ಬಿಡದವನಿಗೆ ಗಲ್ಲು.

ಥಾಮಸಿನ್ ಎದ್ದು ನಿಂತಳು. "ಮಠಾನೇ ಇಲ್ವಲ್ಲ ಸ್ವಾಮಿ. ಅಲ್ಲಿ ಇಟ್ಟ ಆಣೆ ಎಲ್ಲಿ ಉಳೀತು?"

"ಅದು ಗೋಡೆಗೆ ಇಟ್ಟ ಆಣೆ ಅಲ್ಲಮ್ಮ. ದೇವರಿಗೆ ಇಟ್ಟಿದ್ದು."

"ಹಂಗಾದ್ರೆ ದೇವರ ಮನೆ ಯಾಕೆ ಕೆಡವಿದ್ರಿ?"

ಪಾದ್ರಿ ತಲೆ ತಗ್ಗಿಸಿ ಕಾಗದ ಮಡಚಿದರು.

ಆಗಲೇ ಅವಳು ಬಸುರಿ. ಮರುದಿನ ಹೊಸ್ತಿಲಲ್ಲಿ ಹ್ಯಾಮಂಡನಿಗೆ ರೊಟ್ಟಿ ಕಟ್ಟಿಕೊಡುತ್ತ ಹೇಳಿದಳು, "ಇರು ಅನ್ನಲ್ಲ. ಹೋದ್ರೆ ಎಲ್ಲೋ ಒಂದು ಕಡೆ ಬದುಕಿರ್ತೀಯ." ಅವನು ಗಂಟನ್ನು ಹೆಗಲಿಗೇರಿಸಿ ನಡೆದ. ಉತ್ತರದ ಕಡೆ ಕುರಿ ಮೇಯಿಸಲು ಹೋದನೆಂದು ಆಮೇಲೆ ಕೇಳಿದೆವು.

ಹೆಣ್ಣು ಕೂಸು ಹುಟ್ಟಿತು, ಏವಿಸ್. ನಾಮಕರಣದಲ್ಲಿ ಅಪ್ಪನ ಹೆಸರು ಹೇಳಲಿಲ್ಲ. ಅಪ್ಪನಿಲ್ಲದ ಕೂಸಿನ ತಾಯಿಯೆಂದು ಊರಿನವರು ಥಾಮಸಿನ್‌ಳ ಏಲ್ ಮುಟ್ಟುವುದನ್ನೇ ಬಿಟ್ಟರು. ಒಲೆ ಆರಿತು. ಮೂರನೆಯ ಚಳಿಗಾಲಕ್ಕೆ ಅವಳು ತೊಗಲು ಹದಮಾಡುವ ಡಿಗರಿಯನ್ನು ಕಟ್ಟಿಕೊಂಡಳು. "ಮನಸ್ಸಿದೆಯೇನೇ?" ಎಂದು ಕೇಳಿದೆ. "ಮಗೂಗೆ ಹಸಿವಿದೆ ಕಣಕ್ಕ," ಎಂದಳು.

ಹ್ಯಾಮಂಡ ಹೋಗಿ ಹತ್ತು ವರ್ಷಕ್ಕೆ, ಮುದಿ ರಾಜ ಸತ್ತು ಮಗನ ಕಾಲದಲ್ಲಿ ಕಾನೂನು ಬದಲಾಯಿತು. ಪಾದ್ರಿಗಳೂ ಹಳೆಯ ಸನ್ಯಾಸಿಗಳೂ ಮದುವೆಯಾಗಬಹುದಂತೆ. ಸುದ್ದಿ ತಿಳಿದದ್ದೇ ಹ್ಯಾಮಂಡ ನಡೆದು ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವಳೀಗ ಡಿಗರಿಯ ಹೆಂಡತಿ ಎಂದು ನಾನು ಎಷ್ಟು ತಡೆದರೂ ಕೇಳದೆ ಊರಾಚೆಯ ಅವನ ಬಾಗಿಲಿಗೆ ಹೋದ. ಹಿಂದೆಯೇ ನಾನೂ ಹೋದೆ.

ಏವಿಸ್ ಹೊರಬಂದಳು. "ಯಾರು ಬೇಕಿತ್ತಜ್ಜ?"

ಅವಳನ್ನೇ ನೋಡುತ್ತ ನಿಂತ. "ದಾರಿ ತಪ್ಪಿ ಬಂದೆ ಮಗಾ."

"ಊರು ಆ ಕಡೆ," ಎಂದು ಕೈ ತೋರಿಸಿದಳು.

ಅಷ್ಟರಲ್ಲಿ ಥಾಮಸಿನ್ ಬಂದಳು. ಮಗಳನ್ನು ಒಳಗೆ ಕಳಿಸಿದಳು. "ಈಗ ಯಾಕೆ ಬಂದೆ?"

"ಈಗ ಬಿಟ್ರು."

"ಯಾರು ಬಿಟ್ರೇನು? ಒಳಗೆ ನನ್ನ ಗಂಡ ಇದ್ದಾನೆ," ಎಂದು ಬಾಗಿಲು ಹಾಕಿಕೊಂಡಳು.

ಹ್ಯಾಮಂಡ ಊರು ಬಿಡಲಿಲ್ಲ. ಅವರಿವರ ಹಂದಿ ಕಾಯ್ದುಕೊಂಡು ಆ ಚಳಿಗಾಲ ಕಳೆದು, ಕೆಮ್ಮಿ ಕೆಮ್ಮಿ ಸತ್ತ. ಹೆಣ ಹೊತ್ತು ಡಿಗರಿಯ ಅಂಗಳದ ಮುಂದೆಯೇ ಹಾದೆವು. ಥಾಮಸಿನ್ ತೊಗಲಿನ ತೊಟ್ಟಿಯ ಮೇಲೆ ಬಗ್ಗಿ ಮೊಣಕೈವರೆಗೂ ಕೈ ಅದ್ದಿದ್ದಳು. ತಲೆ ಎತ್ತಲಿಲ್ಲ.