ವಾರ್ತೆ ಓದುವವರ ಎದುರು ಕೂತು

ಅಣ್ಣನಿಗೆ ಹುಟ್ಟಿನಿಂದಲೂ ಕಣ್ಣು ಕಾಣಿಸುವುದಿಲ್ಲ. ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ರೇಡಿಯೊದಲ್ಲಿ ವಾರ್ತೆ ಓದುವ ಒಬ್ಬರ ದನಿಯೆಂದರೆ ಅವನಿಗೆ ಪ್ರಾಣ. ಅವರು ಓದುವಷ್ಟು ಹೊತ್ತು ಗಿರಣಿ ಬಂದ್. ಗಿರಾಕಿಗಳು ಜೋಳದ ಬುಟ್ಟಿ ಇಟ್ಟುಕೊಂಡು ಕಾಯಬೇಕು.

ಹೋದ ವರ್ಷ ಗೋವಾದಲ್ಲಿರುವ ಅಕ್ಕನ ಮನೆಗೆಂದು ನಾವಿಬ್ಬರೂ ಬಳ್ಳಾರಿಯಲ್ಲಿ ರೈಲು ಹತ್ತಿದೆವು. ಎದುರಿನ ಸೀಟಿನಲ್ಲಿ ಕೊರಳಿಗೆ ಶಾಲು ಸುತ್ತಿಕೊಂಡ ಹಿರಿಯರೊಬ್ಬರು ಕೂತಿದ್ದರು. ಕುಡತಿನಿ ದಾಟುವಾಗ ಚಹಾದವನು ಬಂದ. ಅಣ್ಣ ಲೋಟಕ್ಕೆ ಕೈ ಚಾಚಿದ್ದು ತಪ್ಪಿತು.

"ಜೋಪಾನ, ಬಿಸಿ ಇದೆ! ಇನ್ನೂ ಸ್ವಲ್ಪ ಎಡಕ್ಕೆ," ಎಂದರು ಹಿರಿಯರು.

ಅಣ್ಣ ಚಹಾ ಬಿಟ್ಟು ನನ್ನ ಕೈ ಹಿಡಿದ. "ಲೇ, ಇವ್ರು ವಾರ್ತೆ ಓದೋರು! ಹೌದಲ್ರಿ ಸರ?"

ಅವರು ಗಂಟಲು ಮುಟ್ಟಿಕೊಂಡು ತಲೆಯಾಡಿಸಿದರು. ಮೊಬೈಲಿನಲ್ಲಿ ಏನೋ ಬರೆದು ನನಗೆ ತೋರಿಸಿದರು. ನಾನು ಓದಿದೆ: "ಹೌದು, ನಾನೇ. ಗಂಟಲಿನ ಆಪರೇಷನ್ ಆಗಿದೆ. ಮಾತಾಡಲೇಬಾರದು ಎಂದಿದ್ದಾರೆ ಡಾಕ್ಟರು. ಈಗ ತಡೆಯಲಾಗಲಿಲ್ಲ."

ಅಣ್ಣನ ಮುಖ ಬಾಡಿತು. ಆದರೂ ಪ್ರಶ್ನೆ ನಿಲ್ಲಲಿಲ್ಲ. ಅವನು ಕೇಳುವುದು, ಅವರು ಬರೆಯುವುದು, ನಾನು ಓದುವುದು. ನನ್ನದೋ, ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳನ್ನು ಕರೆದು ಕರೆದು ಒಡೆದುಹೋದ ದನಿ. ಮೊದಲ ದಿನ ಮೈಕಿನ ಮುಂದೆ ಕೈ ನಡುಗಿ ಹಾಳೆಯೇ ಸದ್ದು ಮಾಡಿತ್ತೆಂದು ಅವರು ಎಷ್ಟು ಚಂದ ಬರೆದಿದ್ದರು! ನಾನು ತಡವರಿಸುತ್ತ ಓದಿ ಕೆಡಿಸಿದೆ.

"ಏನ್ ಓದ್ತೀ ಲೇ, ಸೀರಿ ರೇಟ್ ಹೇಳಿದಂಗ!" ಎಂದು ಅಣ್ಣ ರೇಗಿದ.

"ಹಂಗಾದ್ರ ಸುಮ್ನ ಕುಂದ್ರು. ನನ್ನ ಗಂಟಲೂ ನೋಯಾಕತ್ತೈತಿ."

ಹಿರಿಯರು ಸದ್ದಿಲ್ಲದೆ ನಕ್ಕರು.

"ಏನಂದ್ರು?"

"ನಕ್ರು ಅಣ್ಣಾ."

"ಹೆಂಗ ನಕ್ರು?"

ನನಗೆ ಮೈಯೆಲ್ಲ ಉರಿಯಿತು.

ಗದಗಿನಲ್ಲಿ ಅವರು ಇಳಿದರು. ಇಳಿಯುವ ಮುಂಚೆ ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ಲಗೂನ ಆರಾಮಾಗ್ರಿ ಸರ," ಎಂದ ಅಣ್ಣ. ಅವರು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ನಾನದನ್ನು ಅಣ್ಣನಿಗೆ ಹೇಳಲಿಲ್ಲ.

ರೈಲು ಹೊರಟಿತು. ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರೆ ಅಣ್ಣ ಕೈಯಿಂದ ಸರಿಸಿದ. "ಇಷ್ಟೊತ್ತು ಅವರ ಮುಂದ ಕುಂತು, ಕೇಳಿದ್ದೆಲ್ಲ ನಿನ್ನ ದನಿ," ಎಂದು ಕಿಟಕಿಯ ಕಡೆ ತಿರುಗಿದ. ಓದಿ ಓದಿ ಬಾಯಿ ಒಣಗಿಸಿಕೊಂಡಿದ್ದ ನನಗೂ ಸಿಟ್ಟು ನೆತ್ತಿಗೇರಿತು. ಬುತ್ತಿ ಕಟ್ಟಿಟ್ಟು, ಹುಬ್ಬಳ್ಳಿ ಬರುವತನಕ ನಾನೂ ಮುಖ ತಿರುಗಿಸಿ ಕೂತೆ.